ಬೇಲಿಯ ಶರಬತ್ತು ಹಣ್ಣೂ ಬಿಯರೂ

ತೋಟದ ಬೇಲಿಗೆ ಹಬ್ಬಿದ ಶರಬತ್ತು ಹಣ್ಣು, ಅಂದರೆ ಪ್ಯಾಷನ್ ಫ್ರೂಟ್, ಉದುರಿ ಕೊಳೆಯುವುದನ್ನು ನಾವು ಬೆಳೆಗಾರರು ನಷ್ಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕೆಂದು ನಮ್ಮ ಅಭಿಪ್ರಾಯ.

ಅಮೆರಿಕದಲ್ಲಿ 1978ರ ಕಾಯಿದೆಯ ನಂತರ ಮನೆಬಳಕೆಗೆ ಬಿಯರು ತಯಾರಿಸುವುದು ದೊಡ್ಡ ಹವ್ಯಾಸವಾಗಿ ಬೆಳೆಯಿತು. ಆ ಹವ್ಯಾಸಿಗಳು ಮಾವು, ಸೀಬೆ, ಶರಬತ್ತು ಹಣ್ಣಿನ ತಿರುಳು ಬೆರೆಸುತ್ತಾರೆ. ಬೆಂಗಳೂರಿನಲ್ಲಿ ಪರವಾನಗಿ ಪಡೆದು ತಾವೇ ಬಿಯರು ತಯಾರಿಸುವ ಪಬ್ಬುಗಳೂ ಮಾವಿನ ಬಿಯರು ಮಾಡಿವೆ.

ತಿರುಳನ್ನು ಹಾಕುವುದು ಮೊದಲ ಹುದುಗಿನ ಜೋರು ಇಳಿದ ಮೇಲೆ. ಮೊದಲೇ ಹಾಕಿದರೆ ಉಕ್ಕುವ ಅನಿಲದೊಡನೆ ಪರಿಮಳವೂ ಹಾರಿಹೋಗುತ್ತದೆ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದುಬಿಡುತ್ತದೆ. ಉಳಿಯುವುದು ಹುಳಿ ಮತ್ತು ಘಮ. ಆದ್ದರಿಂದ ಬರೀ ಸಿಹಿ ಹಣ್ಣು ಇಲ್ಲಿ ಸಪ್ಪೆ, ನಮ್ಮ ಬೇಲಿಯದು ಗೆಲ್ಲುತ್ತದೆ. ಹಸಿ ಅನಾನಸಿನ ರಸದಲ್ಲಿ ಪ್ರೋಟೀನು ಕರಗಿಸುವ ಕಿಣ್ವವಿರುವುದರಿಂದ ನೊರೆ ಕೆಡಬಹುದು. ಹಣ್ಣಿನ ಸಕ್ಕರೆ ಪೂರ್ತಿ ಹುದುಗುವ ಮುನ್ನ ಬಾಟಲಿಗೆ ತುಂಬಿದರಂತೂ ಬಾಟಲಿಯೇ ಸಿಡಿದೀತು.

ಇದನ್ನೋದಿ ಯಾರೂ ಹಿತ್ತಲಲ್ಲಿ ಹಂಡೆ ಇಡುವುದು ಬೇಡ! ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಬಿಯರು ತಯಾರಿಸುವುದು ಅಬಕಾರಿ ಅಪರಾಧ. ಮದ್ಯಕ್ಕೂ ಸಹಕಾರಕ್ಕೂ ಏನು ನಂಟು ಎಂದು ಹಿರಿಯ ಸದಸ್ಯರು ಕೇಳಬಹುದು. ನಾವು ಮಾರಬೇಕೆನ್ನುವುದು ತಿರುಳನ್ನು ಮಾತ್ರ. ಅದು ಶರಬತ್ತಿಗೂ ಆದೀತು. ಕುದಿಸಿದರೆ ಘಮ ಹೋಗುತ್ತದೆ, ಪೆಕ್ಟಿನ್ ಬಿಟ್ಟುಕೊಂಡು ಬಿಯರು ಮಬ್ಬಾಗುತ್ತದೆ. ಹದವಾಗಿ ಬಿಸಿಮಾಡಿ, ಹೆಪ್ಪುಗಟ್ಟಿಸಿ ಕೊಡಬೇಕು. ಒಬ್ಬರ ಎರಡು ಬುಟ್ಟಿ ಹಣ್ಣಿಗೆ ಶೀತಲ ಕೊಠಡಿ ಗಿಟ್ಟದು. ಸಂಘ ಒಟ್ಟುಗೂಡಿಸಿದರೆ ಗಿಟ್ಟೀತು. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಮಂಡಿಸಲಿದ್ದೇವೆ. ಸದಸ್ಯ ಬಾಂಧವರು ತಮ್ಮ ಬೇಲಿಯ ಬಳ್ಳಿಗಳನ್ನು ಎಣಿಸಿಕೊಂಡು ಬರಬೇಕು.