ಚಿತ್ರ ಕೊಟ್ಟಿರಿ, ಹೆಸರುಗಳೆಲ್ಲಿ?

ಫೋಟೋ ಸಂಗ್ರಹ ಸೇವೆಯ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಮಾನ್ಯರೇ,

ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನಿಂದ ಬರೆಯುತ್ತಿದ್ದೇನೆ. ನಿಮ್ಮ ಸಹಾಯ ವಿಭಾಗಕ್ಕೆ ಕಳಿಸಿದ ದೂರುಗಳಿಗೆಲ್ಲ ಒಂದೇ ಸಿದ್ಧ ಉತ್ತರ ಬಂದಿದೆ. ಹಾಗಾಗಿ ಈಗ ನಾಲ್ಕು ಜನರ ಎದುರು ಕೇಳುತ್ತಿದ್ದೇನೆ.

'ನಿಮ್ಮ ಫೋಟೋ ನಿಮ್ಮದೇ, ಬೇಕೆಂದಾಗ ಎಲ್ಲವನ್ನೂ ವಾಪಸ್ ಪಡೆಯಬಹುದು' ಎಂದು ಮಾತು ಕೊಟ್ಟಿದ್ದಿರಿ. ಅದನ್ನು ನಂಬಿ ಮನೆಯ ಹಳೇ ಆಲ್ಬಮ್‌ಗಳನ್ನು ಸ್ಕ್ಯಾನ್ ಮಾಡಿ ಹಾಕಿದೆ. ಭದ್ರಾ ಹಿನ್ನೀರಿನಲ್ಲಿ ಮುಳುಗಿದ ಅಜ್ಜನ ಮನೆ, ಅದರ ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕೂತ ಹೆಂಗಸರು ಎಲ್ಲ ಅವುಗಳಲ್ಲಿದ್ದರು. ಸ್ಕ್ಯಾನ್ ಮಾಡಿದ ಚಿತ್ರಕ್ಕೆ ಫೋಟೋ ತೆಗೆದ ದಿನ ಯಾವುದೆಂದು ಗೊತ್ತಿರುವುದಿಲ್ಲ. ಅಮ್ಮ ಪಕ್ಕದಲ್ಲಿ ಕೂತು ಹೇಳಿದರು, ನಾನು ಟೈಪ್ ಮಾಡಿದೆ: ಯಾವ ವರ್ಷ, ಯಾವ ಊರು, ಎಡದಿಂದ ಬಲಕ್ಕೆ ಯಾರ್ಯಾರು.

ಜಾಗ ತುಂಬಿತು, ಶುಲ್ಕ ಕೇಳಿದಿರಿ, ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡೆ. ಬಂದದ್ದು ಬರೀ ಚಿತ್ರ. ಅಂಗಳದ ಹೆಂಗಸರಿಗೆ ಹೆಸರಿಲ್ಲ, ಊರಿಲ್ಲ. ದಿನಾಂಕದ ಜಾಗದಲ್ಲಿ ಡೌನ್‌ಲೋಡ್ ಮಾಡಿದ ದಿನ. ಅಮ್ಮ ಹೇಳಿದ್ದೆಲ್ಲ ಜೇಸನ್ ಎಂಬ ಬೇರೆ ಫೈಲುಗಳಲ್ಲಿ ಬಿದ್ದಿದೆ. ಅಲ್ಲಿ ವರ್ಷವೆಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳ ಉದ್ದನೆಯ ಸಂಖ್ಯೆ. ಅದಕ್ಕೂ ಹಿಂದಿನ ಚಿತ್ರವಾದರೆ ಮುಂದೊಂದು ಮೈನಸ್. ಫೈಲುಗಳ ಉದ್ದದ ಹೆಸರುಗಳನ್ನು ಅರ್ಧಕ್ಕೇ ತುಂಡು ಮಾಡಿದ್ದೀರಿ, ಯಾವ ಫೈಲು ಯಾವ ಚಿತ್ರದ್ದೆಂದು ಹೊಂದಿಸುವುದೂ ಕಷ್ಟ.

'ಮಾಹಿತಿ ನಷ್ಟವಾಗಿಲ್ಲ, ಇನ್ನೊಂದು ಫೈಲಿನಲ್ಲಿದೆ' ಎನ್ನುತ್ತೀರಿ. ಪಹಣಿಯಲ್ಲಿ ಹೆಸರಿನ ಕಾಲಂ ಕತ್ತರಿಸಿ ಬೇರೆ ಲಕೋಟೆಯಲ್ಲಿಟ್ಟು ಕೊಟ್ಟರೆ ಅದನ್ನು ಯಾರಾದರೂ ಪಹಣಿ ಎನ್ನುತ್ತಾರೆಯೇ? ದಿನಾಂಕ, ಸ್ಥಳಗಳನ್ನು ಚಿತ್ರದೊಳಗೇ ಬರೆದಿಡುವ ಎಕ್ಸಿಫ್ ಮಾನದಂಡ 1995ರಿಂದ ಇದೆ. ವಿವರಣೆ ಬರೆಯಲು ಐಪಿಟಿಸಿ, ಎಕ್ಸ್‌ಎಂಪಿ ಎಂಬ ಮಾನದಂಡಗಳಿವೆ, ಕನ್ನಡದಲ್ಲೂ ಬರೆಯಬಹುದು. ಈ ವಿವರಗಳನ್ನು ಚಿತ್ರದೊಳಗೆ ಸೇರಿಸುವ, ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಮಾಡುವ ಕೆಲಸ ನಿಮ್ಮಿಂದ ಆಗುವುದಿಲ್ಲವೇ? ಆ ತಂತ್ರಾಂಶಕ್ಕೆ ಕಮಾಂಡ್ ಬರೆಯಲು ಬಾರದ ಮನೆಯವರು ಏನು ಮಾಡಬೇಕು? ಅಮ್ಮನನ್ನು ಮತ್ತೆ ಕೂರಿಸಿ ಕೇಳೋಣವೆಂದರೆ ಅವರಿಗೀಗ ಆ ಹೆಸರುಗಳು ನೆನಪಾಗುವುದಿಲ್ಲ.

ಯುರೋಪಿನವರಿಗೆ ತಮ್ಮ ಮಾಹಿತಿಯನ್ನು ಬಳಸಲು ಬರುವ ರೂಪದಲ್ಲಿ ಒಯ್ಯುವ ಹಕ್ಕು 2018ರಿಂದ ಇದೆ. ವೈಯಕ್ತಿಕ ಮಾಹಿತಿ ರಕ್ಷಣೆಗೆಂದು ನಮ್ಮಲ್ಲಿ ತಂದ 2019ರ ಮಸೂದೆಯಲ್ಲೂ ಈ ಹಕ್ಕು ಇತ್ತು. 2023ರ ಕಾಯ್ದೆಯಲ್ಲಿ ಬಿಟ್ಟುಹೋಯಿತು. ಇದಕ್ಕೆ ಸಂಸದರೂ ಉತ್ತರ ಹೇಳಬೇಕು. ಮದುವೆ, ನಾಮಕರಣ, ತೋಟ, ತೀರಿಹೋದವರ ಮುಖ ಎಲ್ಲವನ್ನೂ ಜನ ನಿಮ್ಮಂಥವರ ಕೈಗೆ ಒಪ್ಪಿಸಿದ್ದಾರೆ. ಒಳಗೆ ಹಾಕಲು ಒಂದು ಗುಂಡಿ ಒತ್ತಿದರೆ ಸಾಕು, ಹೊರಗೆ ತರಲು ಎಂಜಿನಿಯರ್ ಬೇಕು. ಇದು ಅನ್ಯಾಯ.

ದಿನಾಂಕ, ಊರು, ವಿವರಣೆಗಳನ್ನು ಆಯಾ ಚಿತ್ರದೊಳಗೇ ಬರೆದು ಕೊಡಿ. ಸಹಾಯ ವಿಭಾಗದಲ್ಲಿ ಕನ್ನಡ ಓದಬಲ್ಲ ಒಬ್ಬ ಮನುಷ್ಯನನ್ನು ಕೂರಿಸಿ. ಎರಡೂ ಆಗುವುದಿಲ್ಲವೆಂದರೆ 'ಎಲ್ಲವನ್ನೂ ವಾಪಸ್ ಪಡೆಯಬಹುದು' ಎಂಬ ಮಾತನ್ನು ಇವತ್ತೇ ಅಳಿಸಿಹಾಕಿ. ಅದನ್ನು ನಂಬಿ ಇನ್ನೊಂದು ಮನೆಯವರು ಆಲ್ಬಮ್ ಬಿಚ್ಚುವುದು ಬೇಡ.

ಇಂತಿ,
ಕಡಹಿನಬೈಲಿನ ನಿಮ್ಮ ಗ್ರಾಹಕ