ಅಂಗಳ ತೊಳೆದ ಮಳೆ ಯಾರ ಲೆಕ್ಕಕ್ಕೆ?

ಕಾರ್ಖಾನೆಯ ಕೊಳಕು ನೀರು ಎಂದೊಡನೆ ಕಣ್ಣಿಗೆ ಬರುವುದು ಕಾಂಪೌಂಡು ಗೋಡೆಯ ತೂತಿನಿಂದ ಚರಂಡಿಗೆ ಇಳಿಬಿಟ್ಟ ಪೈಪು. ಮಾಲಿನ್ಯ ನಿಯಂತ್ರಣ ಮಂಡಳಿಯ ಗಮನವೂ ಬಹುಮಟ್ಟಿಗೆ ಆ ಪೈಪಿನ ಮೇಲೆಯೇ. ಅದರ ಬಾಯಿಗೆ ಬಾಟಲಿ ಹಿಡಿಯಬಹುದು, ಪರೀಕ್ಷೆಗೆ ಕಳಿಸಬಹುದು, ನೋಟಿಸ್ ಕೊಡಬಹುದು. ಅಂಗಳಕ್ಕೆ ಬಾಯಿಲ್ಲ. ಬೆಂಗಳೂರಿನ ಪೀಣ್ಯದಂಥ ಕಡೆ ಕ್ರೋಮ್ ಪ್ಲೇಟಿಂಗ್ ಮಾಡುವ ಶಾಪೊಂದರ ಹಿತ್ತಲಲ್ಲಿ ಏನೇನು ಬಯಲಿಗೆ ಬಿದ್ದಿರಬಹುದು ನೋಡಿ: ಖಾಲಿಯಾದ ಆಸಿಡ್ ಕ್ಯಾನುಗಳು, ಮುಚ್ಚಳ ಸಡಿಲಾದ ಡ್ರಮ್ಮು, ಹರಿದ ಚೀಲದಿಂದ ಹೊರಬಂದ ಕೆಸರು, ಪಕ್ಕದ ಲೇತ್ ಶಾಪಿನ ಎಣ್ಣೆ ಜಿನುಗುವ ಕಬ್ಬಿಣದ ಚೂರು. ಬೇಸಿಗೆಯುದ್ದಕ್ಕೂ ನೆಲಕ್ಕೆ ಅಂಟಿಕೊಂಡಿದ್ದುದು ಭರಣಿ ಮಳೆ ಬಿದ್ದ ಅರ್ಧ ಗಂಟೆಯಲ್ಲಿ ಕೊಚ್ಚಿಕೊಂಡು ರಾಜಕಾಲುವೆಗೆ ಇಳಿಯುತ್ತದೆ. ಅಲ್ಲಿಂದ ಮುಂದಿನ ದಾರಿ ಗೊತ್ತಿರುವುದೇ: ವೃಷಭಾವತಿ, ಬೈರಮಂಗಲ ಕೆರೆ, ಅರ್ಕಾವತಿ, ಕೊನೆಗೆ ಕಾವೇರಿ.

ಈ ನೀರು ಮಳೆನೀರಲ್ಲ, ಕಾರ್ಖಾನೆಯದೇ ತ್ಯಾಜ್ಯ. ಹಾಗೆಂದೇ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ವಾದ. ಕಾನೂನಿನಲ್ಲಿ ಇದಕ್ಕೆ ಅಡ್ಡಿಯೇನೂ ಕಾಣುವುದಿಲ್ಲ. 1974ರ ಜಲ ಕಾಯ್ದೆ ಉದ್ದಿಮೆಯ ಆವರಣದಿಂದ ಹೊರಬೀಳುವ ದ್ರವ, ಅನಿಲ, ಘನ ಪದಾರ್ಥಗಳನ್ನೆಲ್ಲ ಕೈಗಾರಿಕಾ ತ್ಯಾಜ್ಯ ಎಂದೇ ಕರೆಯುತ್ತದೆ. ಅದನ್ನು ಹೊರತಂದದ್ದು ಪೈಪೋ ಮೋಡವೋ ಎಂದು ಕೇಳುವುದಿಲ್ಲ. ಅಮೆರಿಕ 1987ರಲ್ಲಿ ತನ್ನ ಕಾಯ್ದೆ ತಿದ್ದಿ ಕಾರ್ಖಾನೆ ಅಂಗಳದ ಮಳೆನೀರನ್ನೂ ಪರವಾನಗಿಯ ಕೆಳಗೆ ತಂದಿತು. ಅಲ್ಲಿನ ನಿಯಮದಲ್ಲಿ ನನಗೆ ಹಿಡಿಸಿದ್ದು ಒಂದು ವಿನಾಯಿತಿ. ಸರಕು, ಯಂತ್ರ, ತ್ಯಾಜ್ಯ ಯಾವುದಕ್ಕೂ ಮಳೆ ತಾಗದಂತೆ ಮಾಡಿದ್ದೇನೆ ಎಂದು 5 ವರ್ಷಕ್ಕೊಮ್ಮೆ ಪ್ರಮಾಣೀಕರಿಸಿದವನಿಗೆ ಆ ಪರವಾನಗಿಯೇ ಬೇಡ. ಕೆಟ್ಟ ನೀರನ್ನು ಶುದ್ಧ ಮಾಡುವುದಕ್ಕಿಂತ ನೀರು ಕೆಡದಂತೆ ತಗಡು ಹೊದಿಸುವುದು ಅಗ್ಗ ಎಂಬ ವ್ಯವಹಾರಜ್ಞಾನ ಅದರಲ್ಲಿದೆ.

ನಮ್ಮಲ್ಲಿ ಮಾತ್ರ ಒಳ್ಳೆಯ ಉದ್ದೇಶವೇ ತಿರುಗಿ ಬೀಳುವ ಅಪಾಯವಿದೆ. ಬೆಂಗಳೂರಿನಲ್ಲಿ 2009ರಿಂದ ಮಳೆಕೊಯ್ಲು ಕಡ್ಡಾಯ. ಮನೆಗೆ ಅದು ಸರಿ. ಪ್ಲೇಟಿಂಗ್ ಶಾಪಿನ ಅಂಗಳದಲ್ಲಿ ಇಂಗುಗುಂಡಿ ತೋಡಿದರೆ ವಿಷವನ್ನು ಕೈಯಾರೆ ಬೋರ್‌ವೆಲ್ಲಿಗೆ ಇಳಿಸಿದಂತೆ. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದು ಹಳೆಯ ಸಂಗತಿ. ನೀರಿನಲ್ಲಿ ಸಲೀಸಾಗಿ ಕರಗುವ, ಹಳದಿ ಬಣ್ಣದ, ಕ್ಯಾನ್ಸರ್‌ಕಾರಕ ವಸ್ತು ಅದು. ಹಬೆ ತೊಳೆಯುವ ಸ್ಕ್ರಬ್ಬರ್ ಇಲ್ಲದ ಫ್ಯಾನು ಪ್ಲೇಟಿಂಗ್ ತೊಟ್ಟಿಯ ಕ್ರೋಮಿಕ್ ಆಸಿಡ್ ಹಬೆಯನ್ನು ಹೊರಗೆ ತಳ್ಳುತ್ತಿದ್ದರೆ ಚಾವಣಿಯ ನೀರನ್ನೂ ನಂಬುವಂತಿಲ್ಲ. ಅಂತರ್ಜಲ ಕೆಡಿಸಬಲ್ಲ ಉದ್ದಿಮೆಗಳು ಮಳೆನೀರನ್ನು ಇಂಗಿಸದೆ ತೊಟ್ಟಿಯಲ್ಲಿ ಕೂಡಿಟ್ಟು ತಾವೇ ಬಳಸಬೇಕು ಎಂದು ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿಯೂ ಹೇಳುತ್ತದೆ.

ಅಷ್ಟು ಮಳೆಯಲ್ಲಿ ಇಷ್ಟು ವಿಷ ತೆಳುವಾಗಿ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಅಂದರೆ ಒಂದೇ ಒಂದು ಗ್ರಾಂ ಸಾಕು, 20,000 ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಲು. ಮೇಲಾಗಿ ಅದು ಲೋಹ, ಕೊಳೆತು ಇಲ್ಲವಾಗುವಂಥದ್ದಲ್ಲ. ತೆಳುವಾಗಿ ಹೋದದ್ದು ಕೆರೆಯ ಹೂಳಿನಲ್ಲಿ ಮತ್ತೆ ಒಟ್ಟುಗೂಡುತ್ತದೆ.

ಸಣ್ಣ ಉದ್ದಿಮೆದಾರರ ಆಕ್ಷೇಪವನ್ನು ಇಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಬಾಡಿಗೆ ಶೆಡ್ಡಿನಲ್ಲಿ ನಾಲ್ಕು ಜನರನ್ನಿಟ್ಟುಕೊಂಡು ದುಡಿಯುವವರಿಗೆ ಇನ್ನೊಂದು ಇಟಿಪಿ (ತ್ಯಾಜ್ಯನೀರು ಶುದ್ಧೀಕರಣ ಘಟಕ) ಕಟ್ಟಿ ಎನ್ನುವುದು ಬಾಗಿಲು ಮುಚ್ಚಿ ಎಂದಂತೆ. ಆದರೆ ಲೆಕ್ಕ ಹಾಕಿದರೆ ಭಾರ ಅಷ್ಟಿಲ್ಲ. ಇಡೀ ಮಳೆಗಾಲದ ನೀರು ಹಿಡಿಯಬೇಕಿಲ್ಲ. ಹೆಚ್ಚಿನ ಕೊಳೆ ಮೊದಲ ತೊಳೆತದಲ್ಲೇ ಇರುತ್ತದೆ. ಮೊದಲ 10 ಮಿ.ಮೀ. ಮಳೆ ಎಂದರೆ ಕಾಲು ಎಕರೆಗೆ ಸುಮಾರು 10 ಸಾವಿರ ಲೀಟರ್, ಒಂದು ದೊಡ್ಡ ಟ್ಯಾಂಕರಿನಷ್ಟು. ಡ್ರಮ್ಮು, ಕೆಸರಿನ ಜಾಗಕ್ಕೆ ಶೀಟು ಹೊದಿಸಿ ಸುತ್ತ ಗೇಣುದ್ದದ ಕಟ್ಟೆ ಕಟ್ಟಿದರೆ ಅದೂ ಕಡಿಮೆಯಾಗುತ್ತದೆ. ಉಳಿದದ್ದಕ್ಕೆ ಬೀದಿಗೊಂದು ಸಾಮೂಹಿಕ ತೊಟ್ಟಿ ಕಟ್ಟುವುದು ಬಡಾವಣೆ ಮಾಡಿ ನಿವೇಶನ ಹಂಚಿದ ಸರ್ಕಾರದ ಹೊಣೆ. ಅದನ್ನು ಶೆಡ್ಡಿನ ಬಾಡಿಗೆದಾರನ ತಲೆಗೆ ಕಟ್ಟಬಾರದು.

ಇನ್ನು ತಪಾಸಣೆ. ಅಮೆರಿಕದಲ್ಲಿ ನೀರು ಹರಿಯತೊಡಗಿದ ಮೊದಲ 30 ನಿಮಿಷದೊಳಗೆ ಮಾದರಿ ಹಿಡಿಯಬೇಕೆಂಬುದು ರೂಢಿ. ನಮ್ಮ ಬೇಸಿಗೆ ಮಳೆ ಬರುವುದು ಸಾಮಾನ್ಯವಾಗಿ ಸಂಜೆ, ಕಚೇರಿಗಳು ಬಾಗಿಲು ಹಾಕುವ ಹೊತ್ತಿಗೆ. ಅಧಿಕಾರಿ ಕೊಡೆ ಹಿಡಿದು ಓಡಿ ಬರಲಿ ಎಂದು ಯಾರೂ ಕೇಳುತ್ತಿಲ್ಲ. ಪ್ರತಿ ಅಂಗಳದ ನೀರು ಹೊರಬೀಳುವ ಕಡೆ ಮೊದಲ ನೀರು ತುಂಬಿದೊಡನೆ ತಾನೇ ಮುಚ್ಚಿಕೊಳ್ಳುವ ಬಾಟಲಿಯೊಂದನ್ನು ಕೂರಿಸಿ, ಸೀಲು ಹಾಕಿಟ್ಟರೆ ಸಾಕು. ಅವರು ಮರುದಿನ ಬೆಳಿಗ್ಗೆ ಹತ್ತಕ್ಕೆ ಬಂದು ಒಯ್ಯಲಿ.