ಇಂಕ್‌ಜೆಟ್ ಮನೆಗೆ, ಲೇಸರ್ ಆಫೀಸಿಗೆ ಅಂದೋರು ಯಾರು?

ಭಾಗ 1/7

ಕಾಲೇಜು ಶುರುವಾಗೋ ಹೊತ್ತಿಗೆ ಪ್ರತಿ ಮನೇಲೂ ಒಂದೇ ಮಾತು: "ಒಂದು ಪ್ರಿಂಟರ್ ತಗೊಂಡ್ಬಿಡೋಣ." ಅಂಗಡಿಗೆ ಹೋದ್ರೆ ಅಲ್ಲೂ ಒಂದೇ ಉತ್ತರ: "ಮನೆಗಾ ಸಾರ್? ಇಂಕ್‌ಜೆಟ್ ತಗೊಳ್ಳಿ. ಲೇಸರ್ ಎಲ್ಲಾ ಆಫೀಸಿಗೆ."

ಈ ಮಾತು ಸ್ವಲ್ಪ ತಪ್ಪಲ್ಲ ಗುರು, ಪೂರ್ತಿ ಉಲ್ಟಾ.

ದಿನಾ ಕೆಲಸ ಮಾಡಿದ್ರೆ ಮಾತ್ರ ಆರೋಗ್ಯವಾಗಿರೋ ಮೆಷಿನ್ ಇಂಕ್‌ಜೆಟ್. ತಿಂಗಳುಗಟ್ಟಲೆ ಮಲಗಿದ್ದು, ಎಬ್ಬಿಸಿದ ತಕ್ಷಣ ಕೆಲಸ ಮಾಡೋದು ಲೇಸರ್. ಈಗ ನೀವೇ ಹೇಳಿ, ದಿನಾ ಪ್ರಿಂಟ್ ತೆಗೆಯೋ ಜಾಗ ಯಾವುದು, ಆಫೀಸಾ ಮನೆಯಾ? ನಮ್ಮನಿಮ್ಮ ಮನೇಲಿ ಇಂಟರ್ನಲ್ಸ್ ವಾರದಲ್ಲಿ ನಲವತ್ತು ಪುಟ, ಆಮೇಲೆ ಎರಡು ತಿಂಗಳು ಅದರ ಮೇಲೆ ಇಸ್ತ್ರಿ ಬಟ್ಟೆ.

ಇದು ಪ್ರಿಂಟರ್ ರಿವ್ಯೂ ಅಲ್ಲ. ನನ್ನ ಜಗಳ ಇರೋದು ಆ ಒಂದು ಸಾಲಿನ ಜೊತೆ. ಅದನ್ನ ನಂಬಿ ಅಪ್ಪ ಅಮ್ಮನ ದುಡ್ಡು ಕಳೀತಾ ಇದೀವಿ. ಏಳು ಪೋಸ್ಟ್ ಇದೆ. ಸೇವ್ ಮಾಡ್ಕೊಳ್ಳಿ.

ಭಾಗ 2/7: ಈ ಮಾತು ಎಲ್ಲಿಂದ ಬಂತು?

ಲೇಸರ್ ಪ್ರಿಂಟರ್ ಕಂಡುಹಿಡಿದದ್ದು ಗ್ಯಾರಿ ಸ್ಟಾರ್ಕ್‌ವೆದರ್ ಅನ್ನೋ ಎಂಜಿನಿಯರ್. ಕಂಪನಿ ಜೆರಾಕ್ಸ್. ಹೌದು, ನಮ್ಮ ಪ್ರತಿ ಬೀದಿಯ ಬೋರ್ಡ್ ಮೇಲಿರೋ ಅದೇ ಹೆಸರು. 1977ರಲ್ಲಿ ಅವರು ಮಾರುಕಟ್ಟೆಗೆ ಬಿಟ್ಟ 9700 ಮಾಡೆಲ್ ಮನೆಯೊಳಗೆ ಇಡೋ ಸಾಮಾನೇ ಅಲ್ಲ, ಅಷ್ಟು ದೊಡ್ಡದು. 1984ರಲ್ಲಿ ಎಚ್‌ಪಿ ಲೇಸರ್‌ಜೆಟ್ ಬಂತು, ಮೇಜಿನ ಮೇಲೆ ಕೂರೋ ಸೈಜು. ಬೆಲೆ 3,495 ಡಾಲರ್. ಆಗ "ಲೇಸರ್ ಆಫೀಸಿಗೆ" ಅಂದಿದ್ರೆ ಸರಿ, ಒಪ್ಕೊಳ್ಳೋಣ.

ಆದ್ರೆ ಅದು 1984ರ ಮಾತು. ಈಗ ಸಣ್ಣ ಕಪ್ಪು-ಬಿಳುಪು ಲೇಸರ್ ಒಂದು ಮಿಕ್ಸಿ ಡಬ್ಬದಷ್ಟೇ ಜಾಗ ಹಿಡಿಯುತ್ತೆ. ಬೆಲೆ ಇಳೀತು, ಸೈಜು ಇಳೀತು, ಅಂಗಡಿಯವರ ಡೈಲಾಗ್ ಮಾತ್ರ ಇನ್ನೂ ಇಳಿದಿಲ್ಲ.

ಯಾಕೆ ಇಳಿದಿಲ್ಲ ಅಂತೀರಾ? ಚಿಕ್ಕ ಕಾರ್ಟ್ರಿಜ್ ಹಾಕೋ ಇಂಕ್‌ಜೆಟ್‌ನಲ್ಲಿ ಲಾಭ ಇರೋದು ಮೆಷಿನ್ ಮಾರೋದ್ರಲ್ಲಿ ಅಲ್ಲ, ಆಮೇಲೆ ಇಂಕ್ ಮಾರೋದ್ರಲ್ಲಿ. ಹಸು ಅಗ್ಗಕ್ಕೆ ಕೊಟ್ಟು, ಹುಲ್ಲು ನಮ್ಮ ಹತ್ರಾನೇ ಕೊಳ್ಳಬೇಕು ಅಂದ ಹಾಗೆ.

ಭಾಗ 3/7: ಒಳಗೆ ಏನಾಗುತ್ತೆ?

ಇಂಕ್‌ಜೆಟ್ ಅಂದ್ರೆ ನೀರಿನಂಥ ಇಂಕು. ಕೂದಲಿಗಿಂತ ಸಣ್ಣ ತೂತುಗಳಿಂದ ಹನಿ ಹನಿಯಾಗಿ ಹಾಳೆ ಮೇಲೆ ಬೀಳುತ್ತೆ. ಬಳಸದೇ ಬಿಟ್ರೆ ಆ ತೂತಲ್ಲೇ ಇಂಕು ಒಣಗುತ್ತೆ. ಆಗ ಪ್ರಿಂಟಲ್ಲಿ ಬಿಳಿ ಗೆರೆ ಬರುತ್ತೆ. "ಹೆಡ್ ಕ್ಲೀನಿಂಗ್ ಕೊಡಿ" ಅಂತಾರೆ. ಆ ಕ್ಲೀನಿಂಗ್ ಆಗೋದು ಯಾವುದರಿಂದ? ನಿಮ್ಮದೇ ಇಂಕಿಂದ! ದುಡ್ಡು ಕೊಟ್ಟ ಇಂಕು ಹಾಳೆ ಮೇಲೆ ಬೀಳದೆ ಒಳಗಿರೋ ಸ್ಪಂಜಿಗೆ ಹೋಗುತ್ತೆ. ಆ ಸ್ಪಂಜು ತುಂಬಿದ ದಿನ ಮೆಷಿನ್ ಸರ್ವೀಸ್ ಸೆಂಟರ್ ದಾರಿ ಹಿಡಿಯುತ್ತೆ. ಇನ್ನೂ ಚೆನ್ನಾಗಿರೋದು ಇದು: ಎಷ್ಟೋ ಮಾಡೆಲ್‌ಗಳು ಹಳದಿ ಬಣ್ಣ ಖಾಲಿ ಅಂತ ಕಪ್ಪು ಪ್ರಿಂಟನ್ನೂ ನಿಲ್ಲಿಸ್ತವೆ.

ಲೇಸರ್‌ನಲ್ಲಿ ನೀರೇ ಇಲ್ಲ. ಟೋನರ್ ಅಂದ್ರೆ ಪ್ಲಾಸ್ಟಿಕ್ ಬೆರೆತ ಒಣ ಪುಡಿ. ಬೆಳಕು ಡ್ರಮ್ ಮೇಲೆ ಅಕ್ಷರದ ಆಕಾರ ಬರೆಯುತ್ತೆ, ಪುಡಿ ಅಲ್ಲಿಗೆ ಅಂಟುತ್ತೆ, ಅದು ಹಾಳೆಗಿಳಿದ ಮೇಲೆ ಬಿಸಿ ರೋಲರ್ ಅದನ್ನ ಕರಗಿಸಿ ಕೂರಿಸುತ್ತೆ. ಪುಡಿ ಒಣಗೋದು ಹೇಗೆ ಸಾಧ್ಯ? ಅದು ಮೊದಲೇ ಒಣಗಿದೆ. ದಸರಾ ರಜೆಗೆ ಊರಿಗೆ ಹೋಗಿ ಬನ್ನಿ, ಸಂಕ್ರಾಂತಿಗೂ ಹೋಗಿ ಬನ್ನಿ, ಆನ್ ಮಾಡಿದ್ರೆ ಕೆಲಸ ಮಾಡುತ್ತೆ.

ಬೆಳಗ್ಗೆ ಸಿಇಟಿ, ಹಿಂದಿನ ರಾತ್ರಿ ಹಾಲ್ ಟಿಕೆಟ್ ಪ್ರಿಂಟ್ ತೆಗೀಬೇಕು. ಹೊರಗೆ ಮಳೆ, ಜೆರಾಕ್ಸ್ ಅಂಗಡಿ ಶಟರ್ ಎಳೆದಿದೆ. ಪ್ರಿಂಟರ್ ಬೇಕಾಗೋದೇ ಅಂಥ ರಾತ್ರಿಗೆ. ಆ ರಾತ್ರಿ ಕೈಕೊಡೋ ಮೆಷಿನ್ ಮನೇಲಿದ್ರೆಷ್ಟು, ಬಿಟ್ರೆಷ್ಟು?

ಭಾಗ 4/7: ಲೆಕ್ಕ ಹಾಕೋಣ

ಯಾವ ರೀಲ್ ಕೂಡ ಹೇಳದ ಸೂತ್ರ ಇದು: ಕಾರ್ಟ್ರಿಜ್ ಬೆಲೆ ಭಾಗಿಸು ಅದು ಕೊಡೋ ಪುಟ. ಎಷ್ಟು ಪುಟ ಅನ್ನೋದು ಕಂಪನಿ ವೆಬ್‌ಸೈಟಲ್ಲೇ ಇರುತ್ತೆ. ಆ ಸಂಖ್ಯೆ ಹಾಳೆಯ ಸುಮಾರು 5% ಜಾಗ ತುಂಬೋ ಪುಟಕ್ಕೆ. ನಮ್ಮ ಒತ್ತೊತ್ತಾದ ಅಸೈನ್‌ಮೆಂಟ್ ಇನ್ನೂ ಜಾಸ್ತಿ ತಿನ್ನುತ್ತೆ.

ಬೆಲೆ ದಿನಾ ಬದಲಾಗುತ್ತೆ, ಅದಕ್ಕೆ ಇಲ್ಲಿ ಲೆಕ್ಕಕ್ಕೊಂದು ಅಂದಾಜು ಇಟ್ಟಿದೀನಿ. ನಿಮ್ಮ ಅಂಗಡಿ ಬೆಲೆ ನೀವು ಹಾಕ್ಕೊಳ್ಳಿ.

ಚಿಕ್ಕ ಇಂಕ್ ಕಾರ್ಟ್ರಿಜ್: 900 ರೂಪಾಯಿ, 150 ಪುಟ ಅನ್ಕೊಳ್ಳಿ. ಪುಟಕ್ಕೆ 6 ರೂಪಾಯಿ. ಜೆರಾಕ್ಸ್ ಅಂಗಡೀಲಿ 5 ರೂಪಾಯಿ ತಗೊಂಡ್ರೂ ಅದೇ ಅಗ್ಗ! ಕ್ಲೀನಿಂಗಿಗೆ ಹೋದ ಇಂಕು ಇನ್ನೂ ಸೇರಿಸಿಲ್ಲ.

ಲೇಸರ್: ಎಚ್‌ಪಿ 88ಎ ಟೋನರ್‌ಗೆ ಕಂಪನಿ ಹೇಳೋದು 1500 ಪುಟ, 12ಎ ಟೋನರ್‌ಗೆ 2000. ಹೊಸ ಟೋನರ್ 4000 ರೂಪಾಯಿ ಅಂದ್ರೂ 1500 ಪುಟಕ್ಕೆ ಹಂಚಿದ್ರೆ ಪುಟಕ್ಕೆ 2 ರೂಪಾಯಿ 67 ಪೈಸೆ. ರೀಫಿಲ್ ಮಾಡಿಸಿದ್ರೆ? 350 ರೂಪಾಯಿ ಕೊಟ್ಟು ಬರೀ 1000 ಪುಟ ಬಂತು ಅಂದ್ರೂ 35 ಪೈಸೆ. ಎಸ್‌.ಪಿ. ರಸ್ತೇಲಿ ರೀಫಿಲ್ ಮಾಡೋರು ಸಾಲುಸಾಲು ಇದಾರೆ. ಹಳದಿ ಮೆಟ್ರೋ ಹತ್ತಿ ಆರ್‌.ವಿ. ರೋಡಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಚಿಕ್ಕಪೇಟೆಲಿ ಇಳಿದು ನಡೀರಿ. ನಾಲ್ಕೈದು ರೀಫಿಲ್ ಆದ್ಮೇಲೆ ಡ್ರಮ್ ಸವೆಯುತ್ತೆ, ಹಾಳೆ ಮೇಲೆ ಕಪ್ಪು ಗೆರೆ ಬರುತ್ತೆ. ಆಗ ಅದನ್ನೂ ಬದಲಾಯಿಸಬೇಕು, ಅದಕ್ಕೂ ಸ್ವಲ್ಪ ಖರ್ಚು ಎತ್ತಿಟ್ಕೊಳ್ಳಿ.

"ಹಾಗಿದ್ರೆ ಇಂಕ್ ಟ್ಯಾಂಕ್?" ಇದನ್ನ ಕೇಳೇ ಕೇಳ್ತೀರ ಅಂತ ಗೊತ್ತು. ಮುಂದಿನ ಪೋಸ್ಟ್.

ಭಾಗ 5/7: ಟ್ಯಾಂಕ್ ಪ್ರಿಂಟರ್ ಭಕ್ತರಿಗೆ

ಟ್ಯಾಂಕ್ ಪ್ರಿಂಟರ್ ಒಳ್ಳೆ ಮೆಷಿನ್ನೇ. ಇಲ್ಲ ಅನ್ನಲ್ಲ. ಎಪ್ಸನ್ 003 ಕಪ್ಪು ಬಾಟಲಿ ನೋಡಿ: 65 ಎಂಎಲ್, ಕಂಪನಿ ಲೆಕ್ಕದಲ್ಲಿ 4500 ಪುಟ. ಪುಟಕ್ಕೆ ಬರೀ ಪೈಸೆಗಳ ಲೆಕ್ಕ. ಲೇಸರ್ ರೀಫಿಲ್‌ಗಿಂತಲೂ ಅಗ್ಗ.

ಆದ್ರೆ ನೀವು ತಿಂಗಳಿಗೆ ಎಷ್ಟು ಪುಟ ತೆಗೀತೀರಾ? 40? ಹಾಗಾದ್ರೆ ಆ ಒಂದು ಬಾಟಲಿ ಮುಗಿಯೋಕೆ 112 ತಿಂಗಳು. ಒಂಬತ್ತು ವರ್ಷ! ನೀವು ಡಿಗ್ರಿ ಮುಗಿಸಿ, ಕೆಲಸ ಸೇರಿ, ಮದುವೆಯಾದ್ರೂ ಬಾಟಲಿ ಮುಗಿಯಲ್ಲ. ಉಳಿತಾಯ ಅಂತ ತೋರಿಸೋದು ಮುಂದೆಂದೋ ತೆಗೆಯೋ ಪುಟದ್ದು, ಜಾಸ್ತಿ ದುಡ್ಡು ಕೊಡೋದು ಇವತ್ತು. ನಡುವೆ ಹೆಡ್ ಒಣಗಿದ್ರೆ ಆ ಉಳಿತಾಯವೂ ಅದರ ಜೊತೆಗೇ ಒಣಗುತ್ತೆ.

ಹಾಗಾದ್ರೆ ಟ್ಯಾಂಕ್ ಯಾರಿಗೆ? ಅಮ್ಮ ಮನೇಲಿ ಟ್ಯೂಷನ್ ಹೇಳ್ತಾರೆ, ವಾರಾ ವಾರಾ ನೂರಾರು ಪುಟ ಬೇಕು. ತಂಗಿ ಶಾಲೆ ಪ್ರಾಜೆಕ್ಟಿಗೆ ಯಾವಾಗಲೂ ಕಲರ್ ಬೇಕು. ಅಣ್ಣ ಫೋಟೋ ಪ್ರಿಂಟ್ ಮಾಡಿ ಮಾರ್ತಾನೆ. ಅಂಥ ಮನೆಗೆ ಟ್ಯಾಂಕ್ ಸರಿ, ವಾರಕ್ಕೊಂದು ಕಲರ್ ಪುಟ ತಪ್ಪದೆ ತೆಗೀರಿ. ಅಂದ್ರೆ ಅದು ಆಫೀಸಿನ ಹಾಗೆ ನಡೆಯೋ ಮನೆ. ನನ್ನ ಮಾತು ಅಲ್ಲೂ ನಿಲ್ಲುತ್ತೆ ನೋಡಿ.

ಭಾಗ 6/7: ಕನ್ನಡ, ಮಳೆ, ಚಿಪ್ಪು

ಇನ್ನೊಂದು ವಿಷಯ ಇಂಗ್ಲಿಷ್ ರಿವ್ಯೂಗಳಲ್ಲಿ ಸಿಗಲ್ಲ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಇದೆ. "ಸ್ತ್ರೀ", "ಲಕ್ಷ್ಮಿ", "ರಾಷ್ಟ್ರ" ಅಂತ ಸಣ್ಣ ಅಕ್ಷರದಲ್ಲಿ, ಅಗ್ಗದ ಹಾಳೆ ಮೇಲೆ ಇಂಕ್‌ಜೆಟ್‌ನಲ್ಲಿ ತೆಗೀರಿ. ಇಂಕು ಹಾಳೆಯ ನಾರಿನೊಳಗೆ ಹರಡುತ್ತೆ, ಒತ್ತು ಮುಚ್ಚಿ ಕಪ್ಪು ಚುಕ್ಕೆ ಆಗುತ್ತೆ. ಟೋನರ್ ಹಾಳೆ ಮೇಲೆ ಕೂರುತ್ತೆ, ಒಳಗೆ ಇಳಿಯಲ್ಲ. ಅಂಚು ಚೂಪಾಗಿ ಉಳಿಯುತ್ತೆ. ಕನ್ನಡ ನೋಟ್ಸ್ ತೆಗೆಯೋರು ಎರಡೂ ಪಕ್ಕದಲ್ಲಿಟ್ಟು ನೋಡಿ.

ಮಳೇಲಿ ಗಾಡಿ ಮೇಲೆ ರೆಕಾರ್ಡ್ ತಗೊಂಡು ಹೋಗೋರಿಗೆ ಹೇಳೋದೇ ಬೇಡ. ಡೈ ಇಂಕ್ ಒಂದು ಹನಿ ನೀರಿಗೆ ಕರಗುತ್ತೆ. ನಮ್ಮ ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಶಾಸನ ಇದೆ. "ಬೆಂಗಳೂರು" ಅನ್ನೋ ಹೆಸರು ಅದರಲ್ಲಿದೆ, ಇವತ್ತಿಗೂ ಓದಬಹುದು. ಅಷ್ಟು ಬಾಳಿಕೆ ಯಾರೂ ಕೇಳ್ತಾ ಇಲ್ಲ. ಬೇಗೂರಿಂದ ಜಯನಗರಕ್ಕೆ ಹೋಗೋವರೆಗಾದ್ರೂ ಅಕ್ಷರ ಉಳೀಬೇಕಲ್ವಾ?

ಆಮೇಲೆ ಚಿಪ್ಪು. ಎಷ್ಟೋ ಕಾರ್ಟ್ರಿಜ್ ಮೇಲೆ ಈಗ ಚಿಪ್ ಇರುತ್ತೆ, ಬೇರೆ ಕಂಪನಿ ಇಂಕು ಹಾಕಿದ್ರೆ ಮೆಷಿನ್ ಒಪ್ಪಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಎಷ್ಟೋ ಆಫೀಸ್‌ಜೆಟ್ ಪ್ರಿಂಟರ್‌ಗಳು ಇದ್ದಕ್ಕಿದ್ದಂತೆ ಬೇರೆಯವರ ಕಾರ್ಟ್ರಿಜ್ ತಿರಸ್ಕರಿಸೋಕೆ ಶುರುಮಾಡಿದವು. ಈ ಥರದ ನಿರ್ಬಂಧವನ್ನ ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಅಂತ 2020ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಎಚ್‌ಪಿಗೆ 1 ಕೋಟಿ ಯೂರೋ ದಂಡ ಹಾಕ್ತು. ಲೇಸರ್ ಟೋನರ್‌ಗೂ ಚಿಪ್ ಬಂದಿದೆ, ಹುಷಾರು. ದುಡ್ಡು ಕೊಟ್ಟು ಕೊಂಡ ಮೇಲೆ ಮೆಷಿನ್ ನಮ್ಮದು. ಅದಕ್ಕೆ ಏನು ಹಾಕಬೇಕು ಅನ್ನೋದು ನಾವು ಹೇಳಬೇಕು, ಕಂಪನಿಯವರಲ್ಲ.

ಭಾಗ 7/7: ಹಾಗಾದ್ರೆ ಏನ್ ಮಾಡೋದು?

ತಿಂಗಳಿಗೆ ಹತ್ತು ಪುಟಾನೂ ಇಲ್ವಾ? ಏನೂ ಕೊಳ್ಳಬೇಡಿ. ಜೆರಾಕ್ಸ್ ಅಂಗಡಿ ಅಣ್ಣನಿಗೆ ಕೊಡಿ. ಅವರೂ ಬದುಕಲಿ, ನಿಮ್ಮ ದುಡ್ಡೂ ಉಳೀಲಿ.

ಬರೀ ಕಪ್ಪು-ಬಿಳುಪು, ಆಗಾಗ, ಒಟ್ಟೊಟ್ಟಿಗೆ? ಕಪ್ಪು-ಬಿಳುಪು ಲೇಸರ್. ಬಜೆಟ್ ಇಲ್ಲಾಂದ್ರೆ ಸೆಕೆಂಡ್ ಹ್ಯಾಂಡ್ ನೋಡಿ, ಆದ್ರೆ ಎದುರಿಗೇ ಹತ್ತು ಪುಟ ತೆಗೆಸಿ, ನಿಮ್ಮ ಲ್ಯಾಪ್‌ಟಾಪಿಗೆ ಡ್ರೈವರ್ ಸಿಗುತ್ತಾ ಅಂತ ಖಚಿತ ಮಾಡ್ಕೊಂಡು ತಗೊಳ್ಳಿ. ಹಳೇ ಮಾಡೆಲ್‌ಗಳಲ್ಲಿ ಎಷ್ಟೋ ವೈಫೈ ಇರಲ್ಲ. ಮನೇಲಿ ಫೋನ್ ಮಾತ್ರ ಇದ್ರೆ ವೈಫೈ ಇರೋದೇ ಬೇಕು.

ಪ್ರತಿ ವಾರ ಕಲರ್? ಟ್ಯಾಂಕ್.

ಕಾರ್ಟ್ರಿಜ್ ಇಂಕ್‌ಜೆಟ್? ಆಫರ್ ಅಂತ ಬಿಟ್ಟಿ ಕೊಟ್ರೂ ಎರಡು ಸಲ ಯೋಚನೆ ಮಾಡಿ.

ಲೇಸರ್‌ಗೂ ಕೊರತೆ ಇದೆ, ಮುಚ್ಚಿಡಲ್ಲ. ಫೋಟೋ ಚೆನ್ನಾಗಿ ಬರಲ್ಲ. ಕಲರ್ ಲೇಸರ್‌ಗೆ ನಾಲ್ಕು ಟೋನರ್ ಬೇಕು, ಆ ಖರ್ಚು ಮನೆಗೆ ಆಗಲ್ಲ. ಬಿಸಿಯಾಗುವಾಗ ಕರೆಂಟ್ ಜೋರಾಗಿ ಎಳೆಯುತ್ತೆ, ಕಂಪ್ಯೂಟರ್ ಯುಪಿಎಸ್‌ಗೆ ಸಿಗಿಸಬೇಡಿ, ನೇರ ಗೋಡೆ ಸಾಕೆಟ್ಟಿಗೆ ಹಾಕಿ. ಕರೆಂಟ್ ಹೋದ್ರೆ ಕಾಯಬೇಕು. ಇಂಕ್‌ಜೆಟ್‌ನ ಹೊಳಪು ಫೋಟೋ ಪೇಪರ್ ಇದಕ್ಕೆ ತೂರಿಸಿದ್ರೆ ಒಳಗೇ ಕರಗಿ ಅಂಟುತ್ತೆ. ಟೋನರ್ ಪುಡಿ ಬಟ್ಟೆಗೆ ಚೆಲ್ಲಿದ್ರೆ ಕೊಡವಿ, ತಣ್ಣೀರಲ್ಲಿ ತೊಳೀರಿ. ಬಿಸಿನೀರು ಹಾಕಿದ್ರೆ ಕರಗಿ ಅಲ್ಲೇ ಕೂರುತ್ತೆ. ಖಾಲಿ ಕಾರ್ಟ್ರಿಜ್ ಕೂಡ ಇ-ತ್ಯಾಜ್ಯ, ಕಸದ ಗಾಡಿಗೆ ಎಸೀಬೇಡಿ.

ಅಂಗಡೀಲಿ "ಮನೆಗಾ ಸಾರ್?" ಅಂತ ಕೇಳಿದ್ರೆ ನೀವು ತಿರುಗಿ ಕೇಳಿ: "ಪುಟಕ್ಕೆ ಎಷ್ಟು ಬೀಳುತ್ತೆ? ಎರಡು ತಿಂಗಳು ಆಫ್ ಇಟ್ರೆ ಏನಾಗುತ್ತೆ? ರೀಫಿಲ್ ಒಪ್ಪುತ್ತಾ?" ಮೂರಕ್ಕೂ ನೆಟ್ಟಗೆ ಉತ್ತರ ಬರಲಿಲ್ಲ ಅಂದ್ರೆ ಮುಂದಿನ ಅಂಗಡಿಗೆ ನಡೀರಿ.

ಈ ವಾರ ಪ್ರಿಂಟರ್ ತಗೊಳ್ಳೋಕೆ ಹೊರಟಿರೋ ಫ್ರೆಂಡನ್ನ ಟ್ಯಾಗ್ ಮಾಡಿ. ನಿಮ್ಮನೆ ಲೆಕ್ಕ ಕಾಮೆಂಟಲ್ಲಿ ಹಾಕಿ: ತಿಂಗಳಿಗೆ ಎಷ್ಟು ಪುಟ, ಅದ್ರಲ್ಲಿ ಕಲರ್ ಎಷ್ಟು. ಒಪ್ಪದೇ ಇರೋರೂ ಬನ್ನಿ, ಜಗಳ ಆಡೋಣ. ಆದ್ರೆ ಲೆಕ್ಕ ತಗೊಂಡು ಬನ್ನಿ.

#ಪ್ರಿಂಟರ್‌ಪುರಾಣ #ಬೇಗೂರು #ಪುಟಕ್ಕೆಷ್ಟು #ಕನ್ನಡದಲ್ಲಿಟೆಕ್